ಮುಚ್ಚದೆ ಬಿಟ್ಟ ಎಳೆ

ನಮ್ಮ ಅತ್ತಿಗೆ ವಿಶಾಲಾಕ್ಷಮ್ಮ ಮದುವೆಯಾಗಿ ಅಜ್ಜಂಪುರಕ್ಕೆ ಬಂದಾಗ ನಾನು ಎಂಟನೇ ಕ್ಲಾಸು. ಹೆಣ್ಣು ನೋಡಿ ಬಂದ ದಿನದಿಂದಲೇ ನಮ್ಮವ್ವ ಬೀದಿಯಲ್ಲಿ ಸಿಕ್ಕವರಿಗೆಲ್ಲ 'ಎಸ್ಸೆಸ್ಸೆಲ್ಸಿ ಓದಿದ ಹುಡುಗಿ' ಎಂದು ಹೇಳಿಕೊಂಡು ತಿರುಗಿದ್ದಳು. ಮಾತು ಸುಳ್ಳಲ್ಲ. ಅತ್ತಿಗೆ ಎಸ್ಸೆಸ್ಸೆಲ್ಸಿ ಓದಿದ್ದು ನಿಜ. ಪಾಸಾಗಿರಲಿಲ್ಲ, ಅಷ್ಟೆ. ಉಳಿದೆಲ್ಲದರಲ್ಲೂ ಪಾಸು, ಲೆಕ್ಕದಲ್ಲಿ ಮಾತ್ರ ಮೂವತ್ತೊಂದು ಬಂದು ನಾಲ್ಕು ಅಂಕಕ್ಕೆ ಹೋಗಿತ್ತು. ಹೆಣ್ಣಿನ ಕಡೆಯವರು ಅದನ್ನು ಮುಚ್ಚಿಟ್ಟಿರಲಿಲ್ಲ, ಅವ್ವನಿಗೂ ಗೊತ್ತಿತ್ತು. ಓದಿದ್ದಾಳೆ ಅಂದರೆ ಪಾಸಾಗಿದ್ದಾಳೆ ಎಂದು ಕೇಳಿದವರು ತಿಳಿದುಕೊಂಡರೆ ಅದಕ್ಕೆ ತಾನು ಹೊಣೆಯಲ್ಲ ಎನ್ನುವುದು ಅವ್ವನ ವಾದ. ಮಾತನ್ನು ಅಷ್ಟು ನಾಜೂಕಾಗಿ ಆಡುವುದರಲ್ಲಿ ನಮ್ಮವ್ವ ತೀರ್ಥಮ್ಮನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ.

ಅವ್ವ ಸೊಸೆಯನ್ನು ನಿಜವಾಗಿ ಮೆಚ್ಚಿಕೊಂಡಿದ್ದು ಓದಿಗಲ್ಲ, ರಂಗೋಲಿಗೆ. ಸಖರಾಯಪಟ್ಟಣದ ಹತ್ತಿರದ ಹಳ್ಳಿಯಿಂದ ಬಂದ ಅತ್ತಿಗೆ, ಮನೆ ತುಂಬಿಸಿಕೊಂಡ ಮರುದಿನ ಬೆಳಿಗ್ಗೆಯೇ ಬಾಗಿಲು ಸಾರಿಸಿ, ಚುಕ್ಕಿ ಇಟ್ಟು, ಎಳೆ ಎಳೆದರು. ಅವ್ವ ಜಗುಲಿಯ ಮೇಲೆ ನಿಂತು ಎಲ್ಲಾದರೂ ಎಳೆ ಬಿಟ್ಟಿದೆಯೇ ಎಂದು ಕಣ್ಣಲ್ಲೇ ಒಂದು ಸುತ್ತು ಹಾಕಿದಳು. ನಮ್ಮ ಮನೆಯಲ್ಲಿ ಎಳೆ ಬಿಟ್ಟು ಏಳುವಂತಿಲ್ಲ. ಹೊರಟ ಚುಕ್ಕಿಗೇ ಬಂದು ಸೇರಿದ ಮೇಲೆ ಸೊಂಟ ನೆಟ್ಟಗೆ ಮಾಡಬೇಕು. ಹೊಸಿಲ ಮುಂದೆ ಬಾಯಿ ತೆರೆದ ಎಳೆ ಇದ್ದರೆ ಮನೆಯ ಒಳ್ಳೆಯದೆಲ್ಲ ಆ ಸಂದಿನಲ್ಲೇ ಹರಿದು ಹೋಗುತ್ತದೆ ಎಂದು ಅವ್ವನ ನಂಬಿಕೆ. ನನ್ನ ರಂಗೋಲಿಯಲ್ಲಿ ದಿನಾ ಒಂದಲ್ಲ ಒಂದು ಸಂದು ಇರುತ್ತಿತ್ತು, ಅವ್ವ ಬೈದುಕೊಂಡು ಬಂದು ಮುಚ್ಚುತ್ತಿದ್ದಳು. ಅತ್ತಿಗೆಯ ಎಳೆಯಲ್ಲಿ ಹುಡುಕಿದರೂ ಸಂದು ಸಿಗಲಿಲ್ಲ. ಅವತ್ತಿನಿಂದ ಆ ಕೆಲಸ ನನ್ನ ಕೈಯಿಂದ ತಪ್ಪಿತು. ಅತ್ತಿಗೆಯ ಮೇಲೆ ನನಗೆ ಹುಟ್ಟಿದ ಮೊದಲನೇ ಕೃತಜ್ಞತೆ ಅದು.

ಅಪ್ಪನಿಗೆ ಬೆಳಗಾದರೆ ತೆಂಗಿನ ತೋಟ, ಸಂಜೆಯಾದರೆ ಮಠದ ಜಗುಲಿ. ಅಣ್ಣ ಷಡಕ್ಷರಿಗೆ ಸಂತೆ ಮೈದಾನದ ಪಕ್ಕದ ದಿನಸಿ ಅಂಗಡಿ. ಹಾಗಾಗಿ ಹಗಲೆಲ್ಲ ಮನೆಯಲ್ಲಿ ಅವ್ವ, ಅತ್ತಿಗೆ, ಮತ್ತು ಶಾಲೆ ಬಿಟ್ಟ ಮೇಲೆ ನಾನು. ಅತ್ತಿಗೆ ಕೆಲಸ ಮುಗಿಸಿ ಜಗುಲಿಗೆ ಬಂದು ಕೂತರೆ ಸಾಕು, ಬೀದಿಯ ಸಣ್ಣ ಮಕ್ಕಳೆಲ್ಲ ಬಂದು ಮುತ್ತಿಕೊಳ್ಳುತ್ತಿದ್ದವು. ಹುಣಸೆ ಬೀಜ ಜೋಡಿಸಿ ಎಣಿಕೆ ಕಲಿಸುವುದು, ಹಾಡು ಹೇಳಿಸುವುದು, ಮೂಗು ಸೋರಿದರೆ ತಮ್ಮ ಸೆರಗಿನಲ್ಲೇ ಒರೆಸುವುದು. ನನಗೆ ಮಕ್ಕಳೆಂದರೆ ಅಷ್ಟಕ್ಕಷ್ಟೆ. ಇವರಿಗೆ ಅದೆಲ್ಲಿಂದ ತಾಳ್ಮೆ ಬರುತ್ತದೆ ಎಂದು ಸಿಟ್ಟೇ ಬರುತ್ತಿತ್ತು.

ನಾನು ಹತ್ತನೇ ಕ್ಲಾಸಿಗೆ ಬಂದ ವರ್ಷ, ಎಪ್ಪತ್ತೆಂಟರಲ್ಲಿ, ದಸರಾ ಕಳೆದ ಮೇಲೆ ಮಹಿಳಾ ಸಮಾಜದ ಕಾರ್ಯದರ್ಶಿ ಜಯಲಕ್ಷ್ಮಮ್ಮ ನಮ್ಮ ಮನೆಗೆ ಬಂದರು. ಬರುವ ಜೂನ್‌ನಲ್ಲಿ ಸಮಾಜದ ಕಡೆಯಿಂದ ಒಂದು ಶಿಶುವಿಹಾರ ತೆರೆಯುತ್ತಾರಂತೆ, ಟೀಚರು ಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಎಂದು ತರೀಕೆರೆ ತಾಲ್ಲೂಕು ಆಫೀಸಿನವರು ಹೇಳಿದ್ದಾರಂತೆ. ಮಕ್ಕಳನ್ನು ಕಂಡರೆ ಪ್ರೀತಿಯಿರುವ, ಓದಿದ ಸೊಸೆ ಊರಲ್ಲಿ ಬೇರೆ ಯಾರಿದ್ದಾರೆ ಎಂದು ನೇರವಾಗಿ ಇಲ್ಲಿಗೇ ಬಂದಿದ್ದರು. ಅವ್ವನ ನಾಜೂಕಿನ ಮಾತು ಊರೆಲ್ಲ ಸುತ್ತಿ ಕೊನೆಗೆ ಅವಳ ಹೊಸಿಲಿಗೇ ಬಂದು ನಿಂತಿತ್ತು.

ಅತ್ತಿಗೆ ಕಾಫಿ ಲೋಟ ಕೆಳಗಿಟ್ಟರು. ತಾನು ಲೆಕ್ಕದಲ್ಲಿ ಫೇಲಾಗಿರುವುದನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಅವ್ವ ತೊಲೆ ನೋಡುತ್ತ ಕೂತಳು. ಜಯಲಕ್ಷ್ಮಮ್ಮ ದೊಡ್ಡ ಮನಸ್ಸಿನ ಹೆಂಗಸು. ಒಂದೇ ಸಬ್ಜೆಕ್ಟು ತಾನೆ, ಏಪ್ರಿಲ್‌ನಲ್ಲಿ ಬರೆದು ಪಾಸು ಮಾಡಿಕೊಳ್ಳಲಿ, ಜೂನ್‌ವರೆಗೆ ಆ ಜಾಗಕ್ಕೆ ಇನ್ನೊಬ್ಬರನ್ನು ನೋಡುವುದಿಲ್ಲ ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಅಣ್ಣ ಕೇಳಿದ್ದಕ್ಕೆ ಅತ್ತಿಗೆ ಆಗುವುದಿಲ್ಲ ಎಂದರು. ಲೆಕ್ಕ ತನ್ನ ತಲೆಗೆ ಹತ್ತುವುದಿಲ್ಲ, ಅದು ಒಂದು ಸಲ ಗೊತ್ತಾಗಿದೆ, ಎರಡನೇ ಸಲ ಊರವರಿಗೆಲ್ಲ ಗೊತ್ತಾಗುವುದು ಬೇಡ ಎಂದರು. ಅವ್ವನೂ ಅದನ್ನೇ ಹೇಳಿದಳು. ಹೊಸ ಶಿಶುವಿಹಾರಕ್ಕೆ ಸುಣ್ಣ ಹೊಡೆಯುತ್ತಿದ್ದ ಕಟ್ಟಡ ನಾವು ನೀರಿಗೆ ಹೋಗುವ ದಾರಿಯಲ್ಲೇ ಇತ್ತು. ಅಲ್ಲಿಗೆ ಬಂದಾಗ ಅತ್ತಿಗೆಯ ನಡಿಗೆ ನಿಧಾನವಾಗುತ್ತಿತ್ತು. ಕಿಟಕಿಗೆ ಯಾವ ಬಣ್ಣ ಹೊಡೆದರು, ಜಾರುಬಂಡೆ ಎಲ್ಲಿ ಬರುತ್ತದೆ, ಎಲ್ಲ ಅವರಿಗೆ ಗೊತ್ತಿತ್ತು. ಬೇಡ ಎಂದವರು ಹಾಗೆ ನೋಡುವುದಿಲ್ಲ ಎಂದು ತಿಳಿಯುವಷ್ಟು ನಾನು ದೊಡ್ಡವಳಾಗಿದ್ದೆ.

ಈ ನಡುವೆ ಶಾಲೆಯಲ್ಲಿ ಹನುಮಂತಯ್ಯ ಮೇಷ್ಟ್ರು ವರ್ಗಸಮೀಕರಣದ ಗ್ರಾಫು ಶುರುಮಾಡಿದ್ದರು. ಸಮೀಕರಣ ಕೊಡುವುದು, ಎಕ್ಸ್‌ಗೆ ಒಂದೊಂದೇ ಬೆಲೆ ಹಾಕಿ ವೈ ಕಂಡುಹಿಡಿಯುವುದು, ಬೆಲೆಗಳ ಪಟ್ಟಿ ಬರೆಯುವುದು, ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಸೇರಿಸುವುದು. ಒಂದರ ಮೇಲೊಂದು ಅಭ್ಯಾಸ ಕೊಡುತ್ತಿದ್ದರು, ಕೈ ನೋಯುವಷ್ಟು. ನನಗೆ ಮೈನಸ್ ಕಂಡರೆ ಆಗುತ್ತಿರಲಿಲ್ಲ. ಮೈನಸ್ ಎರಡರ ವರ್ಗ ಮೈನಸ್ ನಾಲ್ಕು ಎಂದೇ ಬರೆಯುತ್ತಿದ್ದೆ. ಅದು ಪ್ಲಸ್ ನಾಲ್ಕು ಎಂದು ಮೇಷ್ಟ್ರು ಎಷ್ಟು ಸಲ ಹೇಳಿದರೂ ನನ್ನ ಪೆನ್ಸಿಲ್ಲು ಕೇಳುತ್ತಿರಲಿಲ್ಲ.

ಒಂದು ಸಂಜೆ ನಡುಮನೆಯಲ್ಲಿ ಹಾಳೆ ಹರಡಿಕೊಂಡು y = x² ಎನ್ನುವುದಕ್ಕೆ ಚುಕ್ಕಿ ಇಡುತ್ತಿದ್ದೆ. ಅತ್ತಿಗೆ ಎದುರಿಗೆ ಕೂತು ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತಿ ನೋಡಿ, ಆ ಎಡಗಡೆ ಚುಕ್ಕಿ ತಪ್ಪಾಗಿದೆ ಎಂದರು. ನನಗೆ ರೇಗಿತು. ಲೆಕ್ಕ ನೋಡದೆ ಹೇಗೆ ಹೇಳುತ್ತೀರಿ ಎಂದು ಕೇಳಿದೆ.

"ಬಲಗಡೆ ಮೇಲಿದೆ, ಎಡಗಡೆ ಕೆಳಗೆ ಹೋಗಿ ಕೂತಿದೆಯಲ್ಲೇ. ಎರಡೂ ಕಡೆ ಒಂದೇ ಥರ ಬರ್ಬೇಕು ಕಣೇ ಮಲ್ಲಿ" ಎಂದರು.

ಲೆಕ್ಕ ಮತ್ತೆ ಮಾಡಿದರೆ ಅವರು ಹೇಳಿದ್ದೇ ಸರಿ. ಅಲ್ಲಿಂದ ಮುಂದೆ ನಾನು ದಿನಾ ಅವರ ಎದುರಿಗೇ ಹಾಳೆ ಹರಡುತ್ತಿದ್ದೆ. ಅತ್ತಿಗೆ ಪಟ್ಟಿಯ ಮೇಲೆ ಕಣ್ಣಾಡಿಸಿ, ನಡುವಿನ ಸಾಲು ಯಾವುದು ಎಂದು ಮೊದಲು ಹುಡುಕುತ್ತಿದ್ದರು. ಅದು ಸಿಕ್ಕರೆ ಮುಗಿಯಿತು, ಆಚೆಗೆ ಬಂದ ಬೆಲೆಗಳೇ ಈಚೆಗೂ ಬರಬೇಕು, ಬರಲಿಲ್ಲವೆಂದರೆ ನಾನು ಎಲ್ಲೋ ಮೈನಸ್ ನುಂಗಿದ್ದೇನೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಮ್ಮ ಶಾಲೆಯಲ್ಲಿ ಗ್ರಾಫಿನ ಪಾಠ ಆಗುವಾಗ ಅವರು ಅಕ್ಕನ ಮದುವೆಗೆಂದು ಮನೆಯಲ್ಲಿ ಉಳಿದಿದ್ದರಂತೆ. ಆಮೇಲೆ ಪುಸ್ತಕ ತೆಗೆದು ನೋಡಿದರೆ ಚುಕ್ಕಿ ಇಟ್ಟು ಸೇರಿಸುವುದು ಎಂದು ಬರೆದಿತ್ತಂತೆ. ಚುಕ್ಕಿ ಸೇರಿಸುವುದನ್ನು ತನಗೆ ಇನ್ನೊಬ್ಬರು ಕಲಿಸಬೇಕೇ ಎಂದು ಪುಸ್ತಕ ಮಡಚಿಟ್ಟರಂತೆ.

ಎಳೆ ಎಳೆಯುವಾಗ ಅವರ ಕೈ ನೋಡಬೇಕಿತ್ತು. ನಾನು ಚುಕ್ಕಿಯಿಂದ ಚುಕ್ಕಿಗೆ ಸ್ಕೇಲಿಟ್ಟು ಗೆರೆ ಹಾಕಿದರೆ ಅದು ಮುರಿದ ಬೇಲಿಯ ಹಾಗೆ ಕಾಣುತ್ತಿತ್ತು. ಅತ್ತಿಗೆ ಸ್ಕೇಲು ಮುಟ್ಟದೆ, ಎಡತುದಿಯಿಂದ ಇಳಿದು, ತಳದಲ್ಲಿ ಮೆಲ್ಲಗೆ ತಿರುಗಿ, ಬಲತುದಿಗೆ ಹತ್ತಿ, ಅಲ್ಲಿಂದ ಮೇಲೆ ಒಂದು ಕಮಾನು ಕಟ್ಟಿ ಎಡತುದಿಗೇ ತಂದು ಸೇರಿಸುತ್ತಿದ್ದರು. ನೋಡಲು ಮೊಟ್ಟೆಯ ಹಾಗೆ ಅಚ್ಚುಕಟ್ಟು. ನನ್ನ ಪುಸ್ತಕದಲ್ಲಿ ಒಂದು ಚಿತ್ರವಿತ್ತು, ಅದರ ಮೇಲ್ಭಾಗ ಮುಚ್ಚಿರಲಿಲ್ಲ, ಎರಡು ತುದಿಯೂ ಚೌಕಟ್ಟಿಗೆ ತಾಗಿ ನಿಂತಿದ್ದವು. ಜಾಗ ಸಾಲದೆ ಅಲ್ಲಿಗೇ ಕತ್ತರಿಸಿ ಅಚ್ಚು ಹಾಕಿದ್ದಾರೆ ಎಂದು ಅತ್ತಿಗೆ ಹೇಳಿದರು. ಎಳೆ ಬಿಟ್ಟು ಯಾರಾದರೂ ಏಳುತ್ತಾರೆಯೇ? ನನಗೂ ಅದು ಸರಿ ಎನಿಸಿತು. ಹಾಳೆಗಳನ್ನು ಮೇಷ್ಟ್ರು ರಜೆ ಮುಗಿದ ಮೇಲೆ ನೋಡುವವರಿದ್ದರು.

ದೀಪಾವಳಿ ರಜೆ ಮುಗಿದು ಶಾಲೆ ತೆರೆದ ವಾರ ಮೇಷ್ಟ್ರು y = x² − 2x − 3 ಎಂದು ಬೋರ್ಡಿನ ಮೇಲೆ ಬರೆದು ನನ್ನನ್ನು ಕರೆದರು. ನಾನು ಜಂಬದಿಂದಲೇ ಎದ್ದು ಹೋದೆ. ಮೈನಸ್ ಎರಡರಿಂದ ನಾಲ್ಕರವರೆಗೆ ಬೆಲೆ ಹಾಕಿ ಪಟ್ಟಿ ಬರೆದೆ. ಐದು, ಸೊನ್ನೆ, ಮೈನಸ್ ಮೂರು, ಮೈನಸ್ ನಾಲ್ಕು, ಮತ್ತೆ ಮೈನಸ್ ಮೂರು, ಸೊನ್ನೆ, ಐದು. ಎರಡೂ ಕಡೆ ಒಂದೇ ಥರ. ಮೇಷ್ಟ್ರು ಹುಬ್ಬೇರಿಸಿದರು, ನನ್ನಿಂದ ಅವರು ಇಷ್ಟನ್ನು ನಿರೀಕ್ಷಿಸಿರಲಿಲ್ಲ. ಚುಕ್ಕಿ ಇಟ್ಟೆ. ಅತ್ತಿಗೆಯ ಹಾಗೇ ಒಂದೇ ಎಳೆತಕ್ಕೆ ಇಳಿಸಿ, ತಿರುಗಿಸಿ, ಹತ್ತಿಸಿ, ಮೇಲೆ ಕಮಾನು ಕಟ್ಟಿ ಮುಚ್ಚಿದೆ. ಹುಡುಗರ ಬೆಂಚಿನಿಂದ ನಗು ಎದ್ದಿತು.

ಮೇಷ್ಟ್ರು ನಗಲಿಲ್ಲ. ಅವರ ಕೈಯಲ್ಲಿ ಬೆತ್ತವಿತ್ತು, ಅದು ಮೇಲೆ ಏಳಲೂ ಇಲ್ಲ. ಮೇಲೆ ಯಾಕೆ ಮುಚ್ಚಿದೆ ಎಂದು ಕೇಳಿದರು. ಮುಚ್ಚದೆ ಹಾಗೇ ಬಿಡುವುದು ಹೇಗೆ ಸಾರ್ ಎಂದೆ. ಎಕ್ಸ್‌ಗೆ ಐದು ಹಾಕು ಎಂದರು. ಹಾಕಿದೆ, ಹನ್ನೆರಡು ಬಂತು. ಆ ಚುಕ್ಕಿ ನನ್ನ ಮೊಟ್ಟೆಯಿಂದ ಆಚೆ, ಬೋರ್ಡಿನ ಮೇಲಂಚಿಗೆ ಹೋಗಿ ಕೂತಿತು. ಹತ್ತು ಹಾಕು ಎಂದರು. ಎಪ್ಪತ್ತೇಳು ಬಂತು. ಅದಕ್ಕೆ ಬೋರ್ಡಿನಲ್ಲಿ ಜಾಗವೇ ಇಲ್ಲ. ಮೇಷ್ಟ್ರು ಬೆತ್ತ ಎತ್ತಿ ಮಾಡಿನ ಹೆಂಚು ತೋರಿಸಿದರು.

"ಸಾವಿರ ಹಾಕಿದ್ರೆ ಕೆಮ್ಮಣ್ಣುಗುಂಡಿ ಬೆಟ್ಟನೂ ದಾಟಿ ಹೋಗ್ತದೆ. ಅದು ಹೋಗ್ತಾನೇ ಇರೋದಮ್ಮ. ಮುಚ್ಚೋಕೆ ನಿನ್ನ ಕೈಲಿ ಆಗಲ್ಲ, ನನ್ನ ಕೈಲೂ ಆಗಲ್ಲ. ಇಷ್ಟು ದೂರ ನಾವು ನೋಡಿದೀವಿ ಅಂತ ತುದೀಲಿ ಬಾಣದ ಗುರುತು ಹಾಕಿ ಬಿಡೋದು, ಅಷ್ಟೆ" ಎಂದರು.

ಯಾರು ಹೇಳಿಕೊಟ್ಟರು ಎಂದು ಕೇಳಿದ್ದಕ್ಕೆ ಅತ್ತಿಗೆ ಎಂದೆ. ಆ ಅತ್ತಿಗೆ ಎಲ್ಲಿಯವರು, ಎಷ್ಟು ಓದಿದ್ದಾರೆ ಎಂದು ವಿಚಾರಿಸಿದರು. ಎಲ್ಲ ಹೇಳಿದೆ, ಫೇಲಾಗಿದ್ದನ್ನೂ ಬಿಡಲಿಲ್ಲ. ಮೇಷ್ಟ್ರು ಮತ್ತೆ ನನ್ನ ಚಿತ್ರದ ಕಡೆ ತಿರುಗಿದರು. ಚುಕ್ಕಿಗಳೆಲ್ಲ ಸರಿಯಾಗಿವೆ, ತಳದ ತಿರುವು ಈ ಕ್ಲಾಸಿನಲ್ಲಿ ಯಾರಿಗೂ ಇಷ್ಟು ಚೆನ್ನಾಗಿ ಬಂದಿಲ್ಲ, ಮೇಲಿನದೊಂದು ಬೇಡವಂತೆ ಎಂದು ಅತ್ತಿಗೆಗೆ ತಿಳಿಸು ಎಂದರು. ಪರೀಕ್ಷೆಗೆ ಅರ್ಜಿ ಹಾಕಲು ಇನ್ನೂ ಸಮಯವಿದೆ ಎಂದೂ ಸೇರಿಸಿದರು.

ನನಗೆ ಅದೆಲ್ಲ ತಲೆಗೆ ಇಳಿಯಲಿಲ್ಲ, ಹುಡುಗರ ನಗುವೇ ಕೇಳುತ್ತಿತ್ತು. ಉರಿದುಕೊಂಡು ಮನೆಗೆ ಬಂದು, ಚೀಲ ಬಿಸಾಕಿ, ನಿಮ್ಮ ರಂಗೋಲಿಯಿಂದ ನನ್ನ ಮಾನ ಹೋಯಿತು ಎಂದು ಕೂಗಾಡಿದೆ. ಅತ್ತಿಗೆ ರೊಟ್ಟಿ ತಟ್ಟುತ್ತಿದ್ದರು. ಕೈಗೆ ಅಂಟಿದ ಹಿಟ್ಟಿನ ಸಮೇತ ಎದ್ದು ಬಂದು, ಮೇಷ್ಟ್ರು ಏನು ಹೇಳಿದರು ಎಂದು ಮೊದಲಿಂದ ಕೇಳಿದರು. ಐದು ಹಾಕಿದ್ದು, ಹತ್ತು ಹಾಕಿದ್ದು, ಹೆಂಚು, ಕೆಮ್ಮಣ್ಣುಗುಂಡಿ, ಎಲ್ಲ ಹೇಳಿಸಿಕೊಂಡರು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಅವರಿಗೆ ವಾಸನೆ ಬರಲಿಲ್ಲ.

"ನಾನು ಪರೀಕ್ಷೇಲೂ ಮುಚ್ಚಿದ್ದೆ ಕಣೇ" ಎಂದರು. ಆಮೇಲೆ ಕೈಯ ಹಿಟ್ಟು ಉಜ್ಜಿಕೊಳ್ಳುತ್ತ, "ಹಂಗಾದ್ರೆ ನಾನು ದಡ್ಡಿ ಏನಲ್ಲ, ಅಲ್ವೇನೇ?" ಎಂದರು.

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಪರೀಕ್ಷೆಯ ಉತ್ತರಪತ್ರಿಕೆ ಯಾರಿಗೂ ವಾಪಸು ಬರುವುದಿಲ್ಲ, ಎಲ್ಲಿ ತಪ್ಪಿದೆ ಎಂದು ಯಾರೂ ಹೇಳುವುದಿಲ್ಲ. ನಾಲ್ಕು ಅಂಕ ಗ್ರಾಫಿನಲ್ಲೇ ಹೋಗಿತ್ತೋ, ಬೇರೆಲ್ಲೋ ಹೋಗಿತ್ತೋ, ದೇವರಿಗೇ ಗೊತ್ತು. ಆದರೆ ತನ್ನ ತಲೆಯೇ ಸರಿಯಿಲ್ಲ ಎಂದು ಒಬ್ಬ ಹೆಂಗಸು ಅಷ್ಟು ವರ್ಷ ನಂಬಿಕೊಂಡಿದ್ದಳು. ತಲೆ ಸರಿಯಾಗಿತ್ತು. ಅವ್ವಂದಿರು ಕಲಿಸಿದ್ದನ್ನು ಕೈ ಚೆನ್ನಾಗಿ ಕಲಿತಿತ್ತು, ಅಷ್ಟೆ. ಆ ಸಂಜೆಯನ್ನು ನೆನೆದಾಗಲೆಲ್ಲ ನನ್ನನ್ನು ಬೋರ್ಡಿಗೆ ಕರೆದ ಹನುಮಂತಯ್ಯ ಮೇಷ್ಟ್ರಿಗೆ, ನಕ್ಕ ಆ ಹುಡುಗರಿಗೂ ಕೂಡ, ಕೈಮುಗಿಯಬೇಕೆನಿಸುತ್ತದೆ. ಅವರು ನಗದಿದ್ದರೆ ನಾನು ಮನೆಯಲ್ಲಿ ಅಷ್ಟು ಕೂಗಾಡುತ್ತಿರಲಿಲ್ಲ.

ಅರ್ಜಿ ಹಾಕುತ್ತೇನೆ ಎಂದು ಅತ್ತಿಗೆ ಅವತ್ತೇ ಹೇಳಿದರು. ಅವ್ವ ಒಪ್ಪಲಿಲ್ಲ. ಮದುವೆಯಾದ ಹೆಂಗಸು ಲಂಗದ ಹುಡುಗಿಯರ ಜೊತೆ ಬೆಂಚಿನಲ್ಲಿ ಕೂತು ಬರೆದು, ಮತ್ತೆ ಫೇಲಾದರೆ ಜನರ ಬಾಯಿ ಮುಚ್ಚಿಸುವವರು ಯಾರು ಎಂದು ಕೇಳಿದಳು. ಜನರ ಬಾಯಿಗೆ ಎಸ್ಸೆಸ್ಸೆಲ್ಸಿ ಹಾಕಿದ್ದು ನೀನೇ ತಾನೆ ಎಂದು ನಾನು ಹೇಳಿದೆ, ತಲೆಗೆ ಒಂದು ಮೊಟಕಿಸಿಕೊಂಡೆ. ಅಣ್ಣ ಮಾತಿನ ಮನುಷ್ಯನಲ್ಲ. ಅವ್ವನಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ. ಮರುದಿನ ಅಂಗಡಿಯ ಬಾಗಿಲು ತೆಗೆಯದೆ ರೈಲು ಹತ್ತಿ ಬೀರೂರಿನ ಮೇಲೆ ಕಡೂರಿಗೆ ಹೋಗಿ ಅರ್ಜಿಯ ಕೆಲಸ ಮುಗಿಸಿಕೊಂಡು ಬಂದ. ಅತ್ತಿಗೆ ಮೊದಲು ಬರೆದಿದ್ದು ಕಡೂರಿನಲ್ಲಾದ್ದರಿಂದ ಈ ಸಲವೂ ಅಲ್ಲೇ ಬರೆಯಬೇಕಿತ್ತು. ಬಂದವನು ಊಟಕ್ಕೆ ಕೂತು, "ಹಾಕ್ಬಂದೆ ಅವ್ವ" ಎಂದ. ಅವ್ವ ಅವನಿಗೆ ಸಾರು ಬಡಿಸಿದಳು.

ಆಮೇಲೆ ಶುರುವಾಯಿತು ನಮ್ಮಿಬ್ಬರ ಅಭ್ಯಾಸ. ಗ್ರಾಫ್ ಹಾಳೆ ನಮ್ಮ ವೇಗಕ್ಕೆ ಸಾಲುತ್ತಿರಲಿಲ್ಲ. ಅತ್ತಿಗೆ ಬೆಳಿಗ್ಗೆ ಬಾಗಿಲು ಸಾರಿಸಿದ ಮೇಲೆ ಚುಕ್ಕಿಗಳ ಸಾಲು ಇಟ್ಟು, ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆದು, ಅದರ ಮೇಲೇ ಒಂದು ಲೆಕ್ಕ ಮಾಡುತ್ತಿದ್ದರು. ಬಾಗಿಲಿಗೆ ಬಾಗಿಲೂ ಆಯಿತು, ಅಭ್ಯಾಸಕ್ಕೆ ಅಭ್ಯಾಸವೂ ಆಯಿತು ಎಂದು. ಅವ್ವ ಎದ್ದು ಬಂದು ನೋಡಿದರೆ ಹೊಸಿಲ ಮುಂದೆ ದೊಡ್ಡ ಬಾಯಿ ತೆರೆದ ಎಳೆ! ಅವಳು ಯಾರನ್ನೂ ಕೇಳಲಿಲ್ಲ. ಬಟ್ಟಲಿನಿಂದ ರಂಗೋಲಿ ಪುಡಿ ತೆಗೆದುಕೊಂಡು ಎರಡು ತುದಿಯನ್ನೂ ಸೇರಿಸಿ ಮುಚ್ಚಿಬಿಟ್ಟಳು. ಮಾರನೇ ದಿನವೂ ಹಾಗೇ ಆಯಿತು. ಅತ್ತಿಗೆ ಬಿಡುತ್ತಿದ್ದರು, ಅವ್ವ ಮುಚ್ಚುತ್ತಿದ್ದಳು, ಇಬ್ಬರೂ ಒಬ್ಬರಿಗೊಬ್ಬರು ಏನೂ ಹೇಳುತ್ತಿರಲಿಲ್ಲ. ನನಗೆ ನಗು ತಡೆಯುವುದೇ ಕಷ್ಟ. ಕೊನೆಗೆ ಅತ್ತಿಗೆಯೇ ಸೋತು, ಬಾಗಿಲಿಗೆ ಎಂದಿನ ರಂಗೋಲಿ ಹಾಕಿ, ಲೆಕ್ಕವನ್ನು ಹಿತ್ತಿಲಿಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಒಯ್ದರು.

ಹಿತ್ತಿಲಿನಲ್ಲಿ ಕಷ್ಟ ಬೇರೆಯಾಗಿತ್ತು. ತಲೆ ಒಪ್ಪಿದ್ದನ್ನು ಕೈ ಒಪ್ಪಬೇಕಲ್ಲ. ಬಲತುದಿಗೆ ಹತ್ತಿದ ಕೈ ಅಲ್ಲಿ ನಿಲ್ಲದೆ ಎಡಕ್ಕೆ ವಾಲಿಬಿಡುತ್ತಿತ್ತು. ಅತ್ತಿಗೆ ನಾಲಿಗೆ ಕಚ್ಚಿಕೊಂಡು ಅಳಿಸಿ ಮತ್ತೆ ಎಳೆಯುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬಾಣ, ಬಾಣ ಎಂದು ಎಚ್ಚರಿಸುತ್ತಿದ್ದೆ. ನಾನು ಮೈನಸ್ ನುಂಗಿದಾಗ ಅವರು ಬೈಯುತ್ತಿದ್ದರು, ಅವರು ಎಳೆ ಮುಚ್ಚಿದಾಗ ನಾನು ಬೈಯುತ್ತಿದ್ದೆ. ಅವ್ವ ಹಾಗಲಬಳ್ಳಿಗೆ ನೀರು ಹಾಕುವ ನೆಪದಲ್ಲಿ ಹಿತ್ತಿಲಿಗೆ ಬಂದು ನಿಲ್ಲುತ್ತಿದ್ದಳು. ಆ ಚಳಿಗಾಲದಲ್ಲಿ ನಮ್ಮ ಹಾಗಲಬಳ್ಳಿ ಕುಡಿದಷ್ಟು ನೀರನ್ನು ಯಾವ ಬಳ್ಳಿಯೂ ಕುಡಿದಿರಲಾರದು.

ಏಪ್ರಿಲ್ ಬಂತು. ಲೆಕ್ಕದ ಪರೀಕ್ಷೆಯ ಹಿಂದಿನ ದಿನ ಅಣ್ಣ ಅತ್ತಿಗೆಯನ್ನು ಕಡೂರಿಗೆ ಕರೆದುಕೊಂಡು ಹೋದ, ಅಲ್ಲಿ ಅತ್ತಿಗೆಯ ಸೋದರಮಾವನ ಮನೆಯಲ್ಲಿ ಉಳಿದರು. ನನ್ನ ಪರೀಕ್ಷೆ ಅಜ್ಜಂಪುರದಲ್ಲೇ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಹೊತ್ತು. ಕೊನೆಯ ಪುಟ ತಿರುಗಿಸಿದರೆ ಗ್ರಾಫು ಇತ್ತು. x² + x − 6 = 0 ಎಂಬುದನ್ನು ನಕ್ಷೆಯ ಮೂಲಕ ಬಿಡಿಸಿ.

ಪಟ್ಟಿ ಬರೆದೆ. ತಳದಲ್ಲಿ ಮೈನಸ್ ಆರು ಎರಡು ಸಲ ಬಂತು, ಅಕ್ಕಪಕ್ಕದಲ್ಲೇ. ಸ್ಕೇಲಿಟ್ಟು ಎರಡನ್ನೂ ಸೇರಿಸಿದರೆ ತಳ ಮಣೆಯ ಹಾಗೆ ಚಪ್ಪಟೆಯಾಗುತ್ತದೆ. ನಡುವಿನ ಸಾಲು ಎರಡು ಚುಕ್ಕಿಯ ಮಧ್ಯೆ ಇದ್ದರೆ ಎಳೆ ಅವುಗಳಿಗಿಂತ ಸ್ವಲ್ಪ ಕೆಳಗಿಳಿದು ತಿರುಗಬೇಕು ಎಂದು ಅತ್ತಿಗೆ ಬಟ್ಟೆಕಲ್ಲಿನ ಹತ್ತಿರ ತೋರಿಸಿದ್ದರು. ಹಾಗೇ ತಿರುಗಿಸಿದೆ. ಎಳೆ ಅಡ್ಡಗೆರೆಯನ್ನು ಎರಡರಲ್ಲೂ ಮೈನಸ್ ಮೂರರಲ್ಲೂ ದಾಟಿತು, ಅದೇ ಉತ್ತರ. ಎರಡು ತುದಿಗೂ ಬಾಣ ಹಾಕಿ ಪೆನ್ಸಿಲ್ಲು ಕೆಳಗಿಟ್ಟೆ. ಆಗ ಕಡೂರು ನೆನಪಾಯಿತು. ಇದೇ ಹೊತ್ತಿನಲ್ಲಿ ಅತ್ತಿಗೆಯ ಕೈ ಬಲತುದಿಗೆ ಹತ್ತಿರಬಹುದು. ಅಲ್ಲಿ ನಿಂತಿತೋ, ವಾಲಿತೋ? ನನ್ನ ಬಾಯಲ್ಲಿ ಬಾಣ, ಬಾಣ ಎಂದು ಬಂದೇಬಿಟ್ಟಿತು. ಕೊಠಡಿಯ ಮೇಷ್ಟ್ರು ಬಂದು ನನ್ನ ಬೆಂಚು ಕುಟ್ಟಿ ಹೋದರು.

ಸಂಜೆ ರೈಲಿಗೆ ಅವರು ಬರುವ ಹೊತ್ತಿಗೆ ನಾನು ಸ್ಟೇಷನ್ನಿಗೇ ಹೋಗಿ ನಿಂತಿದ್ದೆ. ಇಳಿದವರನ್ನು ಮಾತಾಡಲೂ ಬಿಡದೆ, ಬಿಟ್ಟರೋ ಮುಚ್ಚಿದರೋ ಎಂದು ಕೇಳಿದೆ.

"ಕೈ ಹೊರಟೇಬಿಟ್ಟಿತ್ತು ಕಣೇ. ಪೆನ್ಸಿಲ್ ಬಿಸಾಕಿ ಕೊರಳಿನ ಲಿಂಗದ ಕರಡಿಗೆ ಗಟ್ಟಿಯಾಗಿ ಹಿಡ್ಕೊಂಡು ಕೂತೆ. ಕೈ ಸುಮ್ನಾದ್ಮೇಲೆ ಬಾಣ ಹಾಕ್ದೆ" ಎಂದರು.

ಫಲಿತಾಂಶ ಪತ್ರಿಕೆಯಲ್ಲಿ ಬಂದ ದಿನ ಅಣ್ಣ ಬಸ್‌ಸ್ಟ್ಯಾಂಡಿನಲ್ಲೇ ಕಾದು ಪೇಪರು ಹಿಡಿದುಕೊಂಡು ಓಡಿ ಬಂದ. ಅವನು ಓಡಿದ್ದನ್ನು ಊರು ಅದೇ ಮೊದಲು ನೋಡಿದ್ದು. ಇಬ್ಬರ ನಂಬರೂ ಇದ್ದವು. ಆಮೇಲೆ ಅಂಕಪಟ್ಟಿ ಬಂದಾಗ ಲೆಕ್ಕದಲ್ಲಿ ನನಗೆ ಐವತ್ತೆರಡು, ಅತ್ತಿಗೆಗೆ ಅರವತ್ತೆಂಟು. ಇದನ್ನು ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಜಯಲಕ್ಷ್ಮಮ್ಮ ಅತ್ತಿಗೆಯನ್ನು ತರೀಕೆರೆಗೆ ಕರೆದುಕೊಂಡು ಹೋಗಿ ತಾಲ್ಲೂಕು ಆಫೀಸಿನ ಕೆಲಸ ಮುಗಿಸಿಕೊಂಡು ಬಂದರು.

ಮುಂದಿನದನ್ನು ಅಜ್ಜಂಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಹುಟ್ಟಿದ ಮಕ್ಕಳು ಅ, ಆ ತಿದ್ದಿದ್ದು ವಿಶಾಲಾಕ್ಷಿ ಟೀಚರ ಮಡಿಲಲ್ಲಿ. ಅವರ ಇಬ್ಬರು ಮಕ್ಕಳೂ ಅದೇ ಗುಂಪಿನಲ್ಲಿ ಕೂತು ಬೇರೆಯವರ ಹಾಗೇ ಟೀಚರ್ ಎಂದು ಕರೆದು ಬೆಳೆದರು. ಪರೀಕ್ಷೆ ಹತ್ತಿರ ಬಂತೆಂದರೆ ಹತ್ತನೇ ಕ್ಲಾಸಿನ ಹುಡುಗಿಯರು ಸಂಜೆ ನಮ್ಮ ಹಿತ್ತಿಲಿಗೆ ಬರುತ್ತಿದ್ದರು, ಬಟ್ಟೆಕಲ್ಲಿನ ಪಕ್ಕ ರಂಗೋಲಿ ಪುಡಿಯಲ್ಲಿ ಗ್ರಾಫು ಕಲಿತು ಹೋಗುತ್ತಿದ್ದರು. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಎಂಬತ್ತಾರರಲ್ಲಿ ತರೀಕೆರೆಯ ಕಡೆ ಲೆಕ್ಕದ ಟೀಚರಾದೆ. ಮೈನಸ್ ಕಂಡರೆ ಹೆದರುತ್ತಿದ್ದವಳು ಲೆಕ್ಕದ ಟೀಚರಾದೆ ಎಂದರೆ ಅದು ಅತ್ತಿಗೆಯ ಋಣ, ಬೇರೆ ಮಾತಿಲ್ಲ. ಒಂದೊಂದು ವರ್ಷ ಯಾವಳೋ ಒಬ್ಬ ಹುಡುಗಿ ಗ್ರಾಫಿನ ಬಾಯಿ ಮುಚ್ಚಿಕೊಂಡು ಬರುತ್ತಾಳೆ. ನನ್ನ ಕೋಪ ಶಾಲೆಗೆಲ್ಲ ಗೊತ್ತು, ಹುಡುಗಿ ನಡುಗುತ್ತಾಳೆ. ನಾನು ಅವಳ ಹತ್ತಿರ ಹೋಗಿ, ಮನೆಯಲ್ಲಿ ರಂಗೋಲಿ ನೀನೇ ಹಾಕುತ್ತೀಯಾ ಎಂದು ಕೇಳುತ್ತೇನೆ. ಹೂಂ ಎಂದರೆ, ಐದು ಹಾಕು, ಹತ್ತು ಹಾಕು ಎಂದು ಶುರುಮಾಡುತ್ತೇನೆ.

ಇಷ್ಟೆಲ್ಲ ಇದ್ದರೂ ನನಗೆ ಕಣ್ಣಿಗೆ ಕಟ್ಟಿದ ಹಾಗಿರುವುದು ಅತ್ತಿಗೆ ಶಿಶುವಿಹಾರಕ್ಕೆ ಹೊರಟ ಮೊದಲನೇ ದಿನ. ಜೂನ್ ತಿಂಗಳು, ಹಿಂದಿನ ಸಂಜೆ ಮಳೆ ಬಂದು ಅಂಗಳ ತಣ್ಣಗಿತ್ತು. ಅತ್ತಿಗೆ ಬೇಗ ಎದ್ದು ಬಾಗಿಲು ಸಾರಿಸಲು ಹೋದರೆ ಅವ್ವ ಆಗಲೇ ಸಾರಿಸಿ ಮುಗಿಸಿದ್ದಳು. ಇವತ್ತು ನಿನಗೆ ಹೊತ್ತಾಗುತ್ತದೆ, ಸ್ನಾನಕ್ಕೆ ಹೋಗು ಎಂದು ಒಳಗೆ ಕಳಿಸಿದಳು. ಅತ್ತಿಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು ಹೊಸಿಲಿಗೆ ಬಂದು ನಿಂತುಬಿಟ್ಟರು. ನಾನು ಹಿಂದಿನಿಂದ ಇಣುಕಿ ನೋಡಿದೆ.

ಅಂಗಳದಲ್ಲಿ ಅವ್ವ ಚುಕ್ಕಿಗಳ ಸಾಲು ಇಟ್ಟಿದ್ದಳು. ಅದರ ನಡುವೆ ಒಂದೇ ಒಂದು ಎಳೆ ಎಡಗಡೆಯಿಂದ ಇಳಿದು, ಹೊಸಿಲ ಹತ್ತಿರ ಮೆಲ್ಲಗೆ ತಿರುಗಿ, ಬಲಗಡೆ ಹತ್ತಿ, ಬೀದಿಯ ಕಡೆಗೆ ಹೋಗಿತ್ತು. ತಿರುವು ಸ್ವಲ್ಪ ಸೊಟ್ಟಗಿತ್ತು. ಎರಡು ತುದಿಯಲ್ಲೂ ಕೋಳಿ ಕಾಲಿನ ಹಾಗೆ ಬಾಣ ಬರೆದಿದ್ದಳು. ಹಾಗಲಬಳ್ಳಿಯ ಪಕ್ಕ ನಿಂತು ಆ ಚಳಿಗಾಲವೆಲ್ಲ ಅವಳು ಏನು ನೋಡುತ್ತಿದ್ದಳು ಎಂದು ನನಗೆ ಆಗ ತಿಳಿಯಿತು.

ಅತ್ತಿಗೆ ಚೀಲ ಕೆಳಗಿಟ್ಟು, ಬಟ್ಟಲಿನಿಂದ ಚಿಟಿಕೆ ಪುಡಿ ತೆಗೆದುಕೊಂಡು ಬೀದಿಯ ಕಡೆಯ ತುದಿಯ ಹತ್ತಿರ ಬಗ್ಗಿದರು. ಅತ್ತೆಯ ನಂಬಿಕೆಗೆ ತನ್ನಿಂದ ಕುಂದು ಬರಬಾರದು ಎಂದುಕೊಂಡರೋ ಏನೋ, ಮುಚ್ಚಲು ಹೊರಟಿದ್ದರು.

ಅವ್ವ ಜಗುಲಿಯಿಂದ ಇಳಿದು ಬಂದು ಅವರ ಕೈ ಹಿಡಿದಳು. "ಬಿಡೇ ವಿಶಾಲಿ. ಅದು ಹೋಗ್ತಾ ಇರ್ಲಿ" ಎಂದಳು.

ಅತ್ತಿಗೆ ಪುಡಿಯನ್ನು ಬಟ್ಟಲಿಗೆ ಹಾಕಿ, ಅವ್ವನ ಕಾಲು ಮುಟ್ಟಿ, ಸೀರೆಯ ನಿರಿಗೆ ಎತ್ತಿ ಹಿಡಿದು ಎಳೆಯನ್ನು ತುಳಿಯದೆ ದಾಟಿ ಬೀದಿಗೆ ಇಳಿದರು. ಹಾಲಿನವನು ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ. ಸೊಸೆ ಸ್ಕೂಲಿಗೆ ಹೋಗುತ್ತಿದ್ದಾಳೆ, ರಂಗೋಲಿ ತುಳಿಯದೆ ಆಚೆಯಿಂದ ಬಾ ಎಂದು ಅವ್ವ ಅವನಿಗೆ ಹೇಳಿದಳು.